ಗಿರಿಯಮ್ಮನನ್ನು ಕರೆಯಲು ಕಟ್ಟಿದ ಜೀಪು

ತುರ್ವಿಹಾಳದಲ್ಲಿ ನನ್ನ ಮನೆಗೂ ಮಾಳಿಂಗಪ್ಪನ ಮನೆಗೂ ನಡುವೆ ಇದ್ದದ್ದು ಒಂದೇ ಒಂದು ಮಣ್ಣಿನ ಗೋಡೆ. ಆ ಕಡೆ ಅವನು ನಟ್ಟು ಬಿಚ್ಚುವ ಪಾನಾ ಕೆಳಗೆ ಬೀಳಿಸಿದರೆ ಈ ಕಡೆ ನನ್ನ ಚಹಾದ ಬಸಿ ನಡುಗುತ್ತಿತ್ತು. ನಾನು ದನದ ದವಾಖಾನೆಯ ಕಂಪೌಂಡರ್. ದಿನವಿಡೀ ಎತ್ತು ಎಮ್ಮೆಗಳ ಒದೆ ತಿಂದು ಮನೆಗೆ ಬಂದು ಕಾಲು ಚಾಚಿದರೆ ಸಾಕು, ಈ ಮಹಾರಾಯನ ಸುತ್ತಿಗೆ ಶುರು. ಎಷ್ಟು ಬೈದಿದ್ದೇನೋ ಏನೋ. ಆದರೂ ಇವತ್ತು ಕುಳಿತು ಅವನ ಬಗ್ಗೆ ಬರೆಯುತ್ತಿದ್ದೇನೆ. ಬರೆಯಲು ಅವನಿಗೆ ಬೇರೆ ಯಾರಿದ್ದಾರೆ? ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ ಅವನು.

ಮಸ್ಕಿ ಗುಡ್ಡದ ಕೆಳಗಿನ ಒಂದು ಹಟ್ಟಿಯಲ್ಲಿ ಹುಟ್ಟಿದವನು. ತಾಯಿ ತಂದೆ ಬೇಗ ಹೋದರು. ಯಾರದೋ ಕುರಿ ಕಾಯುತ್ತ ಬೆಳೆದ. ಹಗಲೆಲ್ಲ ಕುರಿಗಳ ಜೊತೆ ಒಬ್ಬನೇ. ಮನುಷ್ಯರ ಮಾತು ಅವನ ಪಾಲಿಗೆ ಬರುತ್ತಿದ್ದದ್ದೇ ಕಡಿಮೆ. ಹಾಗಾಗಿಯೋ ಏನೋ, ಯಾರು ಏನು ಹೇಳಿದರೂ ಅದನ್ನು ಹೇಳಿದ ಹಾಗೆಯೇ ಹಿಡಿದುಕೊಂಡು ಬಿಡುವವನು. ನಾವು ನೀವು ದಿನಕ್ಕೆ ನೂರು ಮಾತು ಆಡಿ ತೊಂಬತ್ತನ್ನು ಅಲ್ಲೇ ಮರೆಯುತ್ತೇವೆ. ಅವನಿಗೆ ಅದು ಬರುತ್ತಿರಲಿಲ್ಲ.

ಕಾಲುವೆ ಕೆಲಸ ಶುರುವಾದಾಗ ಒಬ್ಬ ಗುತ್ತಿಗೆದಾರ ಇವನನ್ನು ನೀರು ಹೊರಲು ಇಟ್ಟುಕೊಂಡ. ನೀರು ಹೊರುವವನು ಜೀಪು ತೊಳೆಯುವವನಾದ, ತೊಳೆಯುವವನು ಓಡಿಸುವವನಾದ. ಯುದ್ಧದ ಕಾಲದ ಜೀಪು ಅದು, ಸ್ಟೇರಿಂಗ್ ಎಡಗಡೆ. ಅದೇ ಜೀಪಿನಲ್ಲಿ ಜಲ್ಲಿ ಕಲ್ಲಿನ ಗಣಿಗೆ ಓಡಾಡುವಾಗ ಸಂತೆಕಲ್ಲೂರಿನ ಆದೆಪ್ಪನ ಪರಿಚಯವಾಗಿ, ಆದೆಪ್ಪ ತನ್ನ ಒಬ್ಬಳೇ ಮಗಳು ಗಿರಿಯಮ್ಮನನ್ನು ಇವನಿಗೆ ಕೊಟ್ಟ. ಗಿರಿಯಮ್ಮ ಗಿಡ್ಡನೆಯ ಹೆಣ್ಣು, ಬಾಯಿ ಮಾತ್ರ ದೊಡ್ಡದು. ನಸುಕಿಗೆ ಎದ್ದರೆ ಕೋಳಿಯ ಜೊತೆ, ಒಲೆಯ ಜೊತೆ, ಎಮ್ಮೆಯ ಜೊತೆ, ಗೋಡೆಯಾಚೆಯ ನನ್ನ ಹೆಂಡತಿ ಮೆಹರಬಾನು ಜೊತೆ ಮಾತೇ ಮಾತು. ಮಾಳಿಂಗಪ್ಪ ಹೊಸ್ತಿಲ ಮೇಲೆ ಕುಳಿತು ಕೇಳುತ್ತಿದ್ದ. ಆ ಮುಖದಲ್ಲಿದ್ದ ಸುಖವನ್ನು ನಾನು ಮುಂದೆ ಯಾವತ್ತೂ ಕಾಣಲಿಲ್ಲ.

ನಮ್ಮ ಕಡೆಯ ಕಾಲುವೆ ಮುಗಿಯಿತು, ನೀರು ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಗುತ್ತಿಗೆದಾರ ಗಂಟುಮೂಟೆ ಕಟ್ಟಿದ. ಅಷ್ಟು ಹೊತ್ತಿಗೆ ಜೀಪಿನ ಇಂಜಿನ್ ಕೂತುಬಿಟ್ಟಿತ್ತು. ಗುಜರಿಗೆ ಹಾಕುತ್ತೇನೆ ಎಂದವನನ್ನು ಇವನು ಕಾಡಿ ಬೇಡಿ, ಅದನ್ನು ಪಡೆದುಕೊಂಡ. ಎರಡು ಜೋಡಿ ಎತ್ತು ಕಟ್ಟಿ ಜೀಪನ್ನು ಊರೊಳಗೆ ಎಳೆದುಕೊಂಡು ಬಂದ ದಿನ ಹಿಂದೆ ಹುಡುಗರ ದಂಡು, ಮುಂದೆ ನಾಯಿಗಳ ದಂಡು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಗಿರಿಯಮ್ಮ ಮಾತ್ರ ನಗಲಿಲ್ಲ.

ಅವಳು ನಗದಿದ್ದದ್ದಕ್ಕೆ ಕಾರಣ ಇತ್ತು. ಅವರ ಅಂಗಳದಲ್ಲಿ ತಗಡಿನ ಚಪ್ಪರ ಇದ್ದದ್ದು ಒಂದೇ. ಅದರ ಕೆಳಗೆ ತವರಿನವರು ಕೊಟ್ಟ ಎಮ್ಮೆ ಕಟ್ಟುತ್ತಿದ್ದರು. ಇವನು ಎಮ್ಮೆಯನ್ನು ಹೊರಗಿನ ಬೇವಿನ ಗಿಡಕ್ಕೆ ಕಟ್ಟಿ ಜೀಪನ್ನು ಚಪ್ಪರದೊಳಗೆ ನಿಲ್ಲಿಸಿದ. ಕಬ್ಬಿಣ ನೆನೆದರೆ ತುಕ್ಕು ಹಿಡಿಯುತ್ತದೆ, ಎಮ್ಮೆ ನೆನೆದರೆ ಏನಾಗುತ್ತದೆ ಎಂಬುದು ಅವನ ಲೆಕ್ಕ. ಆ ಮಳೆಗಾಲ ನಮ್ಮ ಕಡೆ ಗಂಟಲುಬೇನೆ ಬಿದ್ದು ಎಮ್ಮೆಗಳು ಸಾಲು ಸಾಲು ಸತ್ತವು. ಅವಳ ಎಮ್ಮೆಯೂ ಹೋಯಿತು. ನಾನು ಚುಚ್ಚುಮದ್ದು ಕೊಟ್ಟೆ, ಪಕ್ಕದಲ್ಲೇ ಕುಳಿತೆ, ಉಳಿಯಲಿಲ್ಲ. ಚಪ್ಪರದ ಕೆಳಗೆ ಇದ್ದ ಎಮ್ಮೆಗಳೂ ಸತ್ತಿವೆ, ಇದು ಮಳೆಯಲ್ಲಿ ನೆನೆದದ್ದಕ್ಕೆ ಬರುವ ರೋಗ ಅಲ್ಲ ತಂಗಿ ಎಂದು ಹೇಳಿಯೂ ಹೇಳಿದೆ. ಸತ್ತ ಎಮ್ಮೆಯ ಕೊರಳು ತಬ್ಬಿಕೊಂಡವಳ ಕಿವಿಗೆ ಅದು ಎಲ್ಲಿ ಬೀಳಬೇಕು.

ನಾಗರಪಂಚಮಿ ಹತ್ತಿರವಿತ್ತು. ಹೆಣ್ಣುಮಕ್ಕಳು ತವರಿಗೆ ಹೋಗುವ ದಿನಗಳು. ಗಿರಿಯಮ್ಮ ಗಂಟು ಕಟ್ಟಿಕೊಂಡು ಓಣಿಗೆ ಬಂದು ನಿಂತು, ಎಲ್ಲರಿಗೂ ಕೇಳುವ ಹಾಗೆ ಗಂಡನಿಗೆ ಹೇಳಿದಳು:

"ಎಮ್ಮಿ ಕಟ್ಟೋ ಜಾಗದಾಗ ಕಬ್ಬಿಣ ಕಟ್ಟೀದಿ ಅಲ್ಲ, ಅದು ಯಾವತ್ತು ಓಡ್ತೈತಿ ಅವತ್ತು ಅದ್ರಾಗ ಬಾ ನನ್ನ ಕರಿಯಾಕ. ಅಲ್ಲೀಮಟ ನಿನ್ನ ಮಾರಿ ತೋರಿಸಬ್ಯಾಡ."

ಸಿಟ್ಟಿನ ಮಾತು. ಓಣಿಯ ನಾಯಿಗೂ ಗೊತ್ತು ಅದು ಸಿಟ್ಟಿನ ಮಾತು ಎಂದು. ಮಾಳಿಂಗಪ್ಪ ಮಾತ್ರ ಮೆಲ್ಲಗೆ ತಲೆ ಆಡಿಸಿ, "ಆತು" ಎಂದ.

ಪಂಚಮಿ ಮುಗಿಯಿತು. ಗಂಡಂದಿರು ಬಂಡಿ ಹೂಡಿಕೊಂಡು, ಬಸ್ಸು ಹತ್ತಿ ತಂತಮ್ಮ ಹೆಂಡಿರನ್ನು ಕರೆಯಲು ಹೊರಟರು. ನಮ್ಮ ಕಡೆ ಮುನಿಸಿಕೊಂಡು ಹೋದ ಹೆಣ್ಣು ತಾನಾಗಿ ಬರುವುದಿಲ್ಲ. ಗಂಡ ಹೋಗಬೇಕು, ಜೊತೆಗೆ ಒಬ್ಬ ಹಿರಿಯ ಹೋಗಬೇಕು, ಅತ್ತೆಮನೆಯಲ್ಲಿ ನಾಲ್ಕು ಬೈಗುಳ ತಿಂದು, ಊಟ ಮಾಡಿ, ಕರೆದುಕೊಂಡು ಬರಬೇಕು. ಇದೇನು ದೊಡ್ಡ ಮಾತಲ್ಲ. ನಾನು ಗೋಡೆಯ ಮೇಲಿಂದ ಕೂಗಿದೆ.

"ಲೇ ಮಾಳಿಂಗಾ, ನಾಳೆ ನಡಿ, ಸಂತೆಕಲ್ಲೂರಿಗೆ ಹೋಗಿ ಬರೂಣು. ಹಿರ್ಯಾ ಅಂತ ನಾ ಬರ್ತೀನಿ."

ಅವನು ಜೀಪಿನ ಕೆಳಗಿಂದಲೇ ಉತ್ತರ ಕೊಟ್ಟ: "ಇನ್ನಾ ಇಂಜಿನ್ ಬಿಚ್ಚಿಲ್ರೀ ಸಾಬ್ರ. ಹ್ಯಾಂಗ ಹೋಗೂದು?"

"ಬಸ್ಸು ಐತಲ್ಲೋ!"

"ಅಕಿ ಗಾಡ್ಯಾಗ ಬಾ ಅಂದಾಳಲ್ರೀ."

ನನ್ನ ತಲೆ ಚಿಟ್ಟು ಹಿಡಿಯಿತು. ತಮಾಷೆ ಮಾಡುತ್ತಿದ್ದಾನೆಯೇ ಎಂದು ಬಗ್ಗಿ ನೋಡಿದೆ. ತಮಾಷೆ ಅವನ ಜಾತಕದಲ್ಲೇ ಇರಲಿಲ್ಲ.

ಹೀಗೆ ಶುರುವಾಯಿತು ಆ ಜೀಪಿನ ಕೆಲಸ. ಕಲಿಸಿದವರು ಯಾರೂ ಇಲ್ಲ. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಗೋಣಿಚೀಲದ ಮೇಲೆ ಜೋಡಿಸಿಟ್ಟು, ಉಲ್ಟಾ ಸಾಲಿನಲ್ಲಿ ಕಟ್ಟುವುದೇ ಅವನ ವಿದ್ಯೆ. ಒಂದು ಸಲ ನಮ್ಮ ಕೋಳಿ ಆ ಸಾಲಿನಲ್ಲಿ ಓಡಾಡಿ ಎಲ್ಲ ಕಲಸಿಬಿಟ್ಟಿತು. ಅವನು ಕೋಳಿಗೆ ಏನೂ ಅನ್ನಲಿಲ್ಲ, ಮೊದಲಿಂದ ಎಲ್ಲ ಕಟ್ಟಿ ಮತ್ತೆ ಬಿಚ್ಚಿದ. ಭತ್ತ ಬೆಳೆಯಲು ಆಂಧ್ರದಿಂದ ಬಂದು ಕ್ಯಾಂಪು ಹಾಕಿಕೊಂಡವರ ಹತ್ತಿರ ಟ್ರ್ಯಾಕ್ಟರ್ ಇದ್ದವು. ಹಗಲು ಅವರ ಟ್ರ್ಯಾಕ್ಟರ್ ರಿಪೇರಿ, ಅದೇ ಅವನ ಹೊಟ್ಟೆಪಾಡು. ಅಲ್ಲಿ ಸಿಕ್ಕ ಹಳೇ ಸಾಮಾನು ಜೀಪಿಗೆ. ಸಿಗದಿದ್ದರೆ ಸಿಂಧನೂರಿಗೆ ಹೋಗಿ ಗುಜರಿ ಬಾಬುಸಾಬನ ಅಂಗಡಿಯಲ್ಲಿ ಕಬ್ಬಿಣದ ರಾಶಿ ಕೆದರುತ್ತ ಕೂಡುತ್ತಿದ್ದ. ಪೆಟ್ರೋಲ್ ಟಾಕಿ ಸೋರಿದರೆ ಬಟ್ಟೆ ತೊಳೆಯುವ ಸಬಕಾರ ತಿಕ್ಕಿ ಮುಚ್ಚಿದ. ರೇಡಿಯೇಟರ್ ಸೋರಿದರೆ ಅರಿಶಿನಪುಡಿ ಹಾಕಿದ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುವ ಹಾಗೆ ಇನ್ನೊಂದು ಸಣ್ಣ ಟಾಕಿ ಕೂಡಿಸಿದ. ಜೀಪಿನ ಮೆಟ್ಟಿಲು ಎತ್ತರ, ಗಿರಿಯಮ್ಮನಿಗೆ ಕಾಲು ಎಟುಕುವುದಿಲ್ಲ ಎಂದು ಮಂಚದ ಕಬ್ಬಿಣ ಕತ್ತರಿಸಿ ಇನ್ನೊಂದು ಮೆಟ್ಟಿಲು ಹಚ್ಚಿದ. ಅವಳು ಕೂಡುವ ಕಡೆ ಮಾತ್ರ.

ಸಂಜೆಯಾದರೆ ಆ ಮನೆ ನೋಡಬಾರದು. ಒಲೆ ಹೊತ್ತಿಸುವುದೇ ಇಲ್ಲ. ಮೆಹರಬಾನು ರೊಟ್ಟಿ ಪಲ್ಯ ಕೊಟ್ಟರೆ ಜೀಪಿನ ಮೂತಿಯ ಮೇಲೆ ಇಟ್ಟುಕೊಂಡು ನಿಂತೇ ತಿನ್ನುತ್ತಿದ್ದ. ಒಂದು ಸಂಜೆ ಗೋಡೆಯಾಚೆ ಮಾತು ಕೇಳಿಸಿತು. ಅಬ್ಬಾ, ಗಿರಿಯಮ್ಮ ಬಂದಳು ಎಂದು ಇಬ್ಬರೂ ಎದ್ದು ಇಣುಕಿದೆವು. ಅವನೊಬ್ಬನೇ ಸ್ಟೇರಿಂಗ್ ಹಿಡಿದು ಕುಳಿತಿದ್ದ. ಪಕ್ಕದ ಖಾಲಿ ಸೀಟಿಗೆ ಹೇಳುತ್ತಿದ್ದ:

"ವಾಲ್ ತಿಕ್ಕೂದು ಮುಗೀತು. ರಿಂಗ್ ಒಂದು ಸಿಕ್ಕಿಲ್ಲ. ಬಾಬುಸಾಬ ಮುಂದಿನ ವಾರ ನೋಡ್ತೀನಿ ಅಂದಾನ. ಸಿಟ್ಟಾಗಬ್ಯಾಡ."

ಮೆಹರಬಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟಳು. ಒಂಟಿ ಜನರನ್ನು ಬೇಕಾದಷ್ಟು ಕಂಡಿದ್ದೇನೆ, ಇಷ್ಟು ಒಂಟಿಯಾದವನನ್ನು ಕಂಡಿಲ್ಲ.

ಮರುವರ್ಷ ಭತ್ತದ ನಾಟಿಗೆ ಸಂತೆಕಲ್ಲೂರಿನಿಂದ ಕೂಲಿಗೆ ಬಂದವರಲ್ಲಿ ಲಾಲಪ್ಪ ಎಂಬವನಿದ್ದ, ಆದೆಪ್ಪನ ಓಣಿಯವನು. ಬಂದವನೇ ಮಾಳಿಂಗಪ್ಪನ ಅಂಗಳಕ್ಕೆ ಹೋಗಿ, "ಗಾಡಿ ಓಡಾಕತ್ತೇತೇನು ಕೇಳ್ಕೊಂಡು ಬಾ ಅಂತ ಗಿರಿಯಮ್ಮ ಹೇಳ್ಯಾಳ" ಎಂದ.

"ಇನ್ನಾ ಇಲ್ಲ ಅಂತ ಹೇಳಪಾ."

ನಾನು ಅಲ್ಲೇ ಇದ್ದೆ. ತಡೆಯಲಾಗಲಿಲ್ಲ. "ಲೇ ಹುಚ್ಚಪ್ಯಾಲಿ, ಅಕಿ ಗಾಡಿ ಕೇಳ್ಯಾಳೇನೋ? ನಿನ್ನ ಕೇಳ್ಯಾಳ!"

ಅವನು, "ಗಾಡಿ ಅಂತ ಅಂದಾಳಲ್ರೀ" ಎಂದು ಮತ್ತೆ ಬಗ್ಗಿ ಕೆಲಸಕ್ಕೆ ಹತ್ತಿದ. ಇವನಿಗೆ ಹೇಳುವುದಕ್ಕಿಂತ ನನ್ನ ದವಾಖಾನೆಯ ಕೋಣನಿಗೆ ಹೇಳಿದ್ದರೆ ತಿಳಿಯುತ್ತಿತ್ತು. ಆದರೆ ಈಗ ಯೋಚಿಸಿದರೆ ಅನಿಸುತ್ತದೆ, ಅವನಿಗೆ ಭಯವೂ ಇತ್ತು. ಬರಿಗೈಯಲ್ಲಿ ಹೋಗಿ ನಿಂತರೆ ಸತ್ತ ಎಮ್ಮೆಗೆ ಏನು ಉತ್ತರ ಹೇಳಬೇಕು? ಓಡುವ ಜೀಪು ಒಂದು ಇದ್ದರೆ ಅದೇ ಉತ್ತರ ಎಂದುಕೊಂಡಿದ್ದ.

ಇನ್ನೊಂದು ಪಂಚಮಿ ಹೋಯಿತು. ಇಂಜಿನ್ ಒಮ್ಮೆ ಹೊತ್ತಿಕೊಂಡು ಊರಿಗೆಲ್ಲ ಕೇಳುವ ಹಾಗೆ ಕೆಮ್ಮಿ ನಿಂತಿತು. ಆಮೇಲೆ ಗೇರ್ ಬೀಳುತ್ತಿಲ್ಲ ಎಂದು ಗೇರ್‌ಬಾಕ್ಸ್ ಇಳಿಸಿದ. ಅದು ನೆಲದ ಮೇಲೆ ಬಿಚ್ಚಿ ಬಿದ್ದಿದ್ದಾಗಲೇ ಒಂದು ಮುಂಜಾನೆ ಲಾಲಪ್ಪ ಮೊದಲ ಬಸ್ಸಿಗೆ ಬಂದಿಳಿದ. ಈ ಸಲ ಕೂಲಿಗಲ್ಲ.

"ನಿಮ್ಮ ಅತ್ತಿ ತಿಮ್ಮವ್ವ ತೀರ್ಕೊಂಡಾಳಪಾ. ಹೊತ್ತು ಮುಣುಗೂದ್ರೊಳಗ ಮಣ್ಣು. ಲಗೂನ ನಡಿ."

ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆಗೆ ಹೋಗದಿದ್ದರೆ ಕ್ಷಮೆ ಇದೆ, ಮಣ್ಣಿಗೆ ಹೋಗದಿದ್ದರೆ ಇಲ್ಲ. ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರೂ ಸುದ್ದಿ ಕೇಳಿದ ಕೂಡಲೇ ಓಡಿ ಬಂದು ಒಂದು ಹಿಡಿ ಮಣ್ಣು ಹಾಕಿ ಹೋಗುತ್ತಾರೆ. ಅದರಲ್ಲೂ ಇವನು ಒಬ್ಬಳೇ ಮಗಳ ಗಂಡ. ಆ ಮನೆಗೆ ಮಗನೂ ಇವನೇ.

ಮಾಳಿಂಗಪ್ಪನ ಮುಖ ಬಿಳಿಚಿಕೊಂಡಿತು. ಕೆಳಗೆ ಬಿದ್ದ ಗೇರ್‌ಬಾಕ್ಸ್ ನೋಡಿದ, ಲಾಲಪ್ಪನನ್ನು ನೋಡಿದ. "ನೀ ಮುಂದ ನಡಿ. ಕೂಡಿಸಿಕೊಂಡು ಗಾಡ್ಯಾಗ ಬಂದು ಮುಟ್ಟತೀನಿ" ಎಂದ.

ನಾನು ಹೌಹಾರಿದೆ. "ಹುಚ್ಚು ಹಿಡದೈತೇನೋ ನಿನಗ? ಈಗ ಬಸ್ಸು ಹತ್ತು! ಇವನ ಜೋಡಿನ ಹೋಗು!"

"ಗಾಡಿ ಇಲ್ಲದ ಮಾರಿ ತೋರಿಸಬ್ಯಾಡ ಅಂದಾಳ್ರೀ ಸಾಬ್ರ. ಇಂಥಾ ದಿನ ಅಕಿ ಮಾತು ಮೀರಿ ಹೋಗಿ ಅಕೀನ ಇನ್ನಾ ನೋಯಿಸ್ಲೇನು?"

ಅವನ ಕೊರಳಪಟ್ಟಿ ಹಿಡಿದು ಎಳೆದೆ. ಮೆಹರಬಾನು ಅಂಗಳಕ್ಕೆ ಬಂದು ಕೈ ಮುಗಿದಳು. ಅವನು ಅಳುತ್ತಿದ್ದ, ಅಳುತ್ತಲೇ ಗೇರಿನ ಹಲ್ಲು ಜೋಡಿಸುತ್ತಿದ್ದ. ಲಾಲಪ್ಪ ಒಬ್ಬನೇ ತಿರುಗಿ ಹೋದ. ದಿನವಿಡೀ ಕೂಡಿಸಿದ್ದು ಕೂಡಲಿಲ್ಲ, ಕೂಡಿದ್ದು ತಿರುಗಲಿಲ್ಲ. ಹೊತ್ತು ಇಳಿದಾಗ ಹೊರಗೆ ಬಂದು ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತ ಕುಳಿತ.

"ಮಣ್ಣು ಆಗಿರಬೇಕಲ್ರೀ ಈಗ?" ಎಂದು ಕೇಳಿದ.

ನಾನು ಎದ್ದು ನಮ್ಮ ಮನೆಗೆ ಬಂದುಬಿಟ್ಟೆ. ಆಮೇಲೆ ಬಹಳ ದಿನ ಅವನ ಜೊತೆ ಮಾತಾಡಲಿಲ್ಲ. ಮೆಹರಬಾನು ಮಾತ್ರ ರೊಟ್ಟಿ ಕೊಡುವುದು ಬಿಡಲಿಲ್ಲ. ಸಂತೆಕಲ್ಲೂರಿನಿಂದ ಮತ್ತೆ ಯಾರೂ ಗಾಡಿ ಓಡಿತೇ ಎಂದು ಕೇಳಲಿಲ್ಲ.

ಜೀಪು ಓಡಿದ್ದು ಮುಂದಿನ ಬೇಸಿಗೆಗೆ. ಓಡಿತು ಎಂದರೆ ಓಡಿತು! ಕಾಲುವೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಧೂಳೆಬ್ಬಿಸಿಕೊಂಡು ಬಂತು. ಹಸಿರು ಬಣ್ಣ, ಹೊಸ ಕ್ಯಾನ್ವಾಸ್ ಛತ್ತು. ಎತ್ತು ಎಳೆದುಕೊಂಡು ಬಂದ ದಿನ ನಕ್ಕವರೆಲ್ಲ ಬಾಯಿ ತೆರೆದು ನಿಂತರು. ಮರುದಿನ ಬೆಳಿಗ್ಗೆ ಅವನು ಸ್ನಾನ ಮಾಡಿ, ಬಿಳಿ ಧೋತರ ಉಟ್ಟು, ರುಮಾಲು ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದ.

"ಸಾಬ್ರ, ಹಿರ್ಯಾರು ಅಂತ ನೀವ ಬರಬೇಕು. ನನಗ ಬ್ಯಾರೆ ಯಾರದಾರ್ರೀ?"

ಇಂಥವನ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುವುದು? ಟೋಪಿ ಹಾಕಿಕೊಂಡು ಹೊರಟೆ. ಮುಂದಿನ ಸೀಟು ಅವಳದು ಎಂದು ನನ್ನನ್ನು ಹಿಂದೆ ಕೂಡಿಸಿದ. ಸಿಂಧನೂರು ದಾಟಿ ಮಸ್ಕಿಯ ರಸ್ತೆ ಹಿಡಿದೆವು. ಗದ್ದೆಗಳು ಮುಗಿದು ಜೋಳದ ಕೂಳೆಯ ಕರಿ ಹೊಲಗಳು ಶುರುವಾದವು. ಕುರಿ ಕಾಯುವಾಗ ನಡೆದಾಡಿದ ನೆಲ ಅದು, ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ಇಂಜಿನ್ನಿನ ಸಪ್ಪಳ ಕೇಳುತ್ತ, ಏನೋ ತುಟಿ ಅಲ್ಲಾಡಿಸುತ್ತ ಓಡಿಸಿದ. ಅವಳಿಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದನೆಂದು ಕಾಣುತ್ತದೆ.

ಆದೆಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಜೀಪು ಬಂದು ನಿಂತರೂ ಏಳಲಿಲ್ಲ. ಅಳಿಯನ ಕಡೆ ನೋಡದೆ ನನಗೆ, "ಬರ್ರಿ ದಾವಲ್‌ಸಾಬ್" ಎಂದು ಜಾಗ ತೋರಿಸಿದ. ಅಳಿಯನಿಗೆ ಕಾಲು ತೊಳೆಯಲು ನೀರು ಬರಲಿಲ್ಲ. ನಾನು ಹಿರಿತನದ ಮಾತು ಶುರು ಮಾಡುವಷ್ಟರಲ್ಲಿ ಗಿರಿಯಮ್ಮ ಹೊರಗೆ ಬಂದಳು. ಸೊರಗಿದ್ದಳು. ಜೀಪಿನ ಸುತ್ತ ಒಂದು ಸುತ್ತು ಬಂದಳು. ಅವನು ಹಚ್ಚಿದ ಮೆಟ್ಟಿಲು ಕಂಡಿತು, ಅದನ್ನು ಕಾಲಿನಿಂದ ಒತ್ತಿ ನೋಡಿದಳು. ಆಮೇಲೆ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟಳು.

"ನಡಿ" ಎಂದಳು.

ಯಾ ಅಲ್ಲಾ, ನಿನ್ನ ಮೆಹರಬಾನಿ ಎಂದುಕೊಂಡು ನಾನು ಹಿಂದೆ ಜಿಗಿದೆ. ಗಂಟು ತಂದಿಲ್ಲ, ತಂದೆಗೆ ಹೇಳಿಲ್ಲ ಎಂಬುದು ಆ ಖುಷಿಯಲ್ಲಿ ನನಗೆ ಹೊಳೆಯಲೇ ಇಲ್ಲ. ಮಾಳಿಂಗಪ್ಪ ಗಡಬಡಿಸಿ ಹಾಕಿದ್ದಕ್ಕೆ ಗೇರು ಕಿರ್ ಎಂದಿತು. ಊರು ದಾಟಿದ ಮೇಲೆ ಅವನು ಮಸ್ಕಿಯ ಕಡೆ ತಿರುಗಿಸಲು ಹೋದಾಗ ಅವಳು, "ಆ ಕಡೆ ಅಲ್ಲ, ಹೊಲದ ಕಡೆ" ಎಂದಳು. ಬಂಡಿ ದಾರಿಯಲ್ಲಿ ಸ್ವಲ್ಪ ದೂರ ಹೋದೆವು. ಒಂದು ಜಾಲಿ ಗಿಡದ ಹತ್ತಿರ, "ನಿಲ್ಲಿಸು" ಎಂದಳು. ಗಿಡದ ಕೆಳಗೆ ಕಲ್ಲು ನಿಲ್ಲಿಸಿದ ಮಣ್ಣಿನ ದಿಬ್ಬ ಇತ್ತು. ತಿಮ್ಮವ್ವನ ಸಮಾಧಿ.

"ಇಳಿ. ಮಣ್ಣು ಹಾಕು."

ಅವನು ಇಳಿದ. ಬಗ್ಗಿ ಒಂದು ಹಿಡಿ ಕರಿ ಮಣ್ಣು ತೆಗೆದು ದಿಬ್ಬದ ಮೇಲೆ ಹಾಕಿದ. ಹಾಕಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತ. ಗಿರಿಯಮ್ಮ ಆಗ ಮಾತಾಡಿದಳು. ಮೊದಲಿನ ಆ ಬಾಯಿ ಇರಲಿಲ್ಲ, ಸಣ್ಣ ದನಿ.

"ನೀ ಬರಬೇಕಾಗಿದ್ದು ಇಲ್ಲಿಗಿ. ಹೊತ್ತು ಮುಣುಗೂಮಟ ನಮ್ಮವ್ವನ್ನ ಇಟ್ಕೊಂಡು ಕಾದೀವಿ. ನನ್ನ ಗಂಡ ಬರ್ತಾನ, ತಡೀರಿ ತಡೀರಿ ಅಂತ ನಾನ ಮಂದೀಗೆ ಕೈ ಮುಗದೀನಿ."

"ನೀನ ಗಾಡ್ಯಾಗ ಬಾ ಅಂದಿದ್ದಿ ಅಲ್ಲ..."

"ಎಮ್ಮಿ ಸತ್ತ ಸಿಟ್ಟಿನ್ಯಾಗ ಅಂದೆ. ಅದು ಮಾತೇನು? ಮರುದಿನ ನೀ ಬರಿಗಾಲಾಗ ಬಂದಿದ್ರ ನಾ ಬರಿಗಾಲಾಗ ನಿನ್ನ ಹಿಂದ ಬರ್ತಿದ್ದೆ. ಬಾಗಲದಾಗ ಕುಂತು ನಾ ನಿನ್ನ ಕಾದೀನಿ, ನಿನ್ನ ಗಾಡೀನಲ್ಲ."

"ಈಗ ಬಂದೀನಲ್ಲ. ಹತ್ತು, ಮನಿಗಿ ಹೋಗೂಣು."

"ನಮ್ಮವ್ವನ ಮಣ್ಣಿಗೆ ಬರದಾವನ ಮನಿಗೆ ಹ್ಯಾಂಗ ಬರ್ಲಿ?"

ನಾನು ನಡುವೆ ಹೋಗಿ, "ತಂಗಿ, ಅವನ ಬುದ್ಧಿ ನಿನಗ ಗೊತ್ತಿಲ್ಲೇನು, ನನ್ನ ಮಾತು ಒಂದೀಟು ಕೇಳು" ಎಂದೆ.

"ಗೊತ್ತೈತಿ ಅಣ್ಣಾ. ಗೊತ್ತಿದ್ದದ್ದಕ್ಕ ಇಷ್ಟು ವರ್ಷ ಕಾದೆ. ನೀವು ಸುಮ್ಮನಿರ್ರಿ" ಎಂದಳು. ಅವನ ಕಡೆ ತಿರುಗಿ, "ಇನ್ನ ನೀ ಹೋಗು" ಎಂದು ಹೊಲದ ಬದುವಿನ ಮೇಲೆ ಊರಿನ ಕಡೆ ನಡೆದಳು. ತಿರುಗಿ ನೋಡಲಿಲ್ಲ. ಇಂಜಿನ್ ಇನ್ನೂ ಚಾಲೂ ಇತ್ತು. ಅವಳು ಮನೆಗಳ ನಡುವೆ ಮರೆಯಾಗುವವರೆಗೂ ಅವನು ನಿಂತಿದ್ದ. ನಾನು ಹೋಗಿ ರಟ್ಟೆ ಹಿಡಿದು ಕರೆತಂದು ಜೀಪಿನಲ್ಲಿ ಕೂಡಿಸಬೇಕಾಯಿತು.

ಬರುವಾಗ ನಾನು ಹಿಂದೆಯೇ ಕುಳಿತೆ, ಮುಂದಿನ ಸೀಟಿಗೆ ಹೋಗಲು ಮನಸ್ಸಾಗಲಿಲ್ಲ. ಮಸ್ಕಿಯಲ್ಲಿ ರೇಡಿಯೇಟರಿಗೆ ನೀರು ಹಾಕಲು ನಿಲ್ಲಿಸಿದ. ನೀರು ಹಾಕಿ, ಮುಚ್ಚಳ ತಿರುವಿ, ಧೋತರದ ಚುಂಗಿನಿಂದ ಕೈ ಒರೆಸಿಕೊಂಡ.

"ಸಾಬ್ರ, ಗಾಡಿ ಚೊಲೊ ಓಡ್ತಲ್ರೀ?"

ಇವನಿಗೆ ಉಗಿಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

"ಚೊಲೊ ಓಡ್ತಪಾ" ಎಂದೆ.

"ಒಂದೀಟು ದೂರಾದ್ರೂ ಗಾಡ್ಯಾಗ ಕುಂತು ಬಂದ್ಲಲ್ರೀ ಅಕಿ" ಎಂದ.

"ಹೌದು, ಬಂದ್ಲು" ಎಂದೆ.